ಆಕಾಶ ತೂತುಬಿದ್ದ ಊರು

ಥೀರಾ ದ್ವೀಪದಲ್ಲಿ ಏಳು ವರ್ಷ ಮಳೆ ಬೀಳಲಿಲ್ಲ. ಒಂದೇ ಒಂದು ಮರ ಬಿಟ್ಟು ಉಳಿದವೆಲ್ಲ ಒಣಗಿಹೋದವು ಎಂದು ಬರೆಯುತ್ತಾನೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಬಿಳಿ ಗೋಡೆ, ನೀಲಿ ಗುಮ್ಮಟಗಳ ಚಿತ್ರಗಳಿಂದ ಇಂದು ಎಲ್ಲರಿಗೂ ಪರಿಚಿತವಾದ ಸ್ಯಾಂಟೊರಿನಿಯೇ ಆ ಥೀರಾ. ಕ್ರಿ.ಪೂ. ಏಳನೆಯ ಶತಮಾನದ ಮಾತು. ಬರ ತಾಳಲಾರದೆ ದ್ವೀಪದವರು ಡೆಲ್ಫಿಯ ಅಪೊಲೊ ಗುಡಿಗೆ ಅಪ್ಪಣೆ ಕೇಳಲು ಹೋದರು. ದೇವರು ಹಿಂದೊಮ್ಮೆ ಹೇಳಿದ್ದನ್ನೇ ಮತ್ತೆ ಹೇಳಿದ: ಲಿಬಿಯಾಕ್ಕೆ ಹೋಗಿ ಊರು ಕಟ್ಟಿ. ಲಿಬಿಯಾ ಎಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಕಡೆಗೆ ಕ್ರೀಟ್ ದ್ವೀಪದಲ್ಲಿ ಕೊರೊಬಿಯಸ್ ಎಂಬ ಬೆಸ್ತನೊಬ್ಬ ಸಿಕ್ಕ. ಬಣ್ಣ ತೆಗೆಯುವ ಚಿಪ್ಪುಜೀವಿಗಳನ್ನು ಹಿಡಿಯುತ್ತಿದ್ದ ಅವನು ಒಮ್ಮೆ ಗಾಳಿಗೆ ಸಿಕ್ಕಿ ಆ ಕರಾವಳಿಯ ಒಂದು ನಡುಗಡ್ಡೆ ಮುಟ್ಟಿ ಬಂದಿದ್ದ.

ಹೀಗೆ ಶುರುವಾದದ್ದು ಸೈರೀನ್ ನಗರದ ಕಥೆ. ಕನ್ನಡ ಬೈಬಲ್ ಓದುವವರಿಗೆ ಇದು ಕುರೇನ್ಯ. ಯೇಸುವಿನ ಶಿಲುಬೆಯನ್ನು ಹೊತ್ತ ಸೀಮೋನ ಇಲ್ಲಿಯವನು. ಈಗಿನ ಲಿಬಿಯಾದ ಈಶಾನ್ಯದಲ್ಲಿ, ಹಸಿರು ಬೆಟ್ಟ ಎಂಬ ಅರ್ಥದ ಜೆಬೆಲ್ ಅಖ್ದರ್ ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಅದರ ಅವಶೇಷಗಳಿವೆ. ಸಾವಿರ ವರ್ಷ ಮೀರಿ ಬಾಳಿದ ಈ ಊರನ್ನು ಗ್ರೀಕರ ಸಾಹಸದ ಫಲವೆಂದು ಹೇಳುವುದು ವಾಡಿಕೆ. ಓದುತ್ತ ಹೋದಂತೆ ನನಗೆ ಅದಕ್ಕಿಂತ ಗಟ್ಟಿಯಾಗಿ ಕಾಣಿಸಿದ್ದು ಬೇರೆ. ಸೈರೀನಿನ ಮಣ್ಣು, ನೀರು, ಕುದುರೆ, ಹೆಸರು ತಂದ ಗಿಡ ಎಲ್ಲವೂ ಅಲ್ಲಿ ಮೊದಲೇ ಇದ್ದ ಲಿಬಿಯನ್ನರ ನೆಲದ್ದು. ಅವರೊಡನೆ ಊರಿಗೆ ಇದ್ದ ನಂಟು ಮತ್ತು ಜಗಳ ಎರಡನ್ನೂ ಬಿಟ್ಟರೆ ಈ ಇತಿಹಾಸ ಅರ್ಥವಾಗುವುದಿಲ್ಲ.

ಹೊರಟವರು ಖುಷಿಯಿಂದ ಹೊರಟಿರಲಿಲ್ಲ. ಸೈರೀನಿನಲ್ಲಿ ಸಿಕ್ಕ ಕ್ರಿ.ಪೂ. ನಾಲ್ಕನೆಯ ಶತಮಾನದ ಶಾಸನವೊಂದು ಥೀರಾದವರು ಮಾಡಿದ ನಿರ್ಣಯ ಇದೆಂದು ಹೇಳಿಕೊಳ್ಳುತ್ತದೆ. ಮುನ್ನೂರು ವರ್ಷ ಹಿಂದಿನ ಮಾತನ್ನು ಅದು ಯಥಾವತ್ತಾಗಿ ಉಳಿಸಿದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಅದರ ಕಠೋರತೆ ಕಲ್ಪಿಸಿ ಬರೆದಂತೆ ಕಾಣುವುದಿಲ್ಲ. ಮನೆಗೊಬ್ಬ ಮಗ ಹೋಗಬೇಕು. ಬ್ಯಾಟಸ್ ಎಂಬುವನು ಮುಂದಾಳು, ಅವನೇ ರಾಜ. ಹೋಗೆನೆಂದವನಿಗೆ ಮರಣದಂಡನೆ, ಅವನ ಆಸ್ತಿ ಊರಿನ ಪಾಲು. ಬಚ್ಚಿಟ್ಟವನು ಅಪ್ಪನಾದರೂ ಅಣ್ಣನಾದರೂ ಅದೇ ಶಿಕ್ಷೆ. ಐದು ವರ್ಷ ಒದ್ದಾಡಿಯೂ ನೆಲೆ ಸಿಗದಿದ್ದರೆ ಮಾತ್ರ ಮರಳಿ ಬರಬಹುದು. ಬಳಿಕ ಹೋಗುವವರು, ಉಳಿಯುವವರು, ಗಂಡಸರು, ಹೆಂಗಸರು, ಹುಡುಗ ಹುಡುಗಿಯರು ಎಲ್ಲ ಸೇರಿ ಮೇಣದ ಗೊಂಬೆಗಳನ್ನು ಮಾಡಿ ಬೆಂಕಿಗೆ ಹಾಕಿದರು. ಆಣೆ ಮುರಿದವನು, ಅವನ ಸಂತಾನ, ಅವನ ಸಂಪತ್ತು ಈ ಮೇಣದಂತೆಯೇ ಕರಗಿಹೋಗಲಿ ಎಂಬುದು ಶಾಪ.

ಐವತ್ತು ಹುಟ್ಟಿನ ಎರಡು ಹಡಗುಗಳಲ್ಲಿ ಅವರು ಹೊರಟರು. ದಾರಿ ಕಾಣದೆ ಹಿಂದಿರುಗಿದಾಗ ಸ್ವಂತ ಊರಿನವರೇ ದಡದಿಂದ ಕಲ್ಲು ಕವಣೆ ಬೀಸಿ ಓಡಿಸಿದರು. ಇಷ್ಟು ನಿಷ್ಠುರವಾಗಿ ಮಕ್ಕಳನ್ನು ಹೊರದೂಡಿದ ಊರನ್ನು ಇವರು ಮುಂದೆ ಮರೆಯಲಿಲ್ಲ. ಆ ಸಂಗತಿ ಆಮೇಲೆ ಬರುತ್ತದೆ. ಸದ್ಯಕ್ಕೆ ಅವರು ಲಿಬಿಯಾ ಕರಾವಳಿಗೆ ಹತ್ತಿರದ ಪ್ಲಾಟಿಯಾ ಎಂಬ ಬಂಜರು ನಡುಗಡ್ಡೆಯಲ್ಲಿ ಎರಡು ವರ್ಷ, ಎದುರಿನ ದಡದ ಅಜಿರಿಸ್‌ನಲ್ಲಿ ಆರು ವರ್ಷ ಕಳೆದರು. ಏಳನೆಯ ವರ್ಷ ಲಿಬಿಯನ್ನರೇ ಮುಂದೆ ಬಂದು, ಇದಕ್ಕಿಂತ ಒಳ್ಳೆಯ ಜಾಗ ತೋರಿಸುತ್ತೇವೆ ಬನ್ನಿ ಎಂದರು. ಇರಾಸಾ ಎಂಬ, ಇಡೀ ಸೀಮೆಯಲ್ಲೇ ಸೊಗಸಾದ ಪ್ರದೇಶವನ್ನು ಗ್ರೀಕರು ಕಾಣಬಾರದೆಂದು ಲೆಕ್ಕ ಹಾಕಿ ಅದನ್ನು ರಾತ್ರಿ ಹೊತ್ತಿನಲ್ಲಿ ದಾಟಿಸಿದರಂತೆ. ಕಡೆಗೆ ಒಂದು ಚಿಲುಮೆಯ ಬಳಿ ನಿಲ್ಲಿಸಿ, ನೀವು ಇಲ್ಲಿ ಬಾಳಿ, ಇಲ್ಲಿ ಆಕಾಶಕ್ಕೆ ತೂತಿದೆ ಎಂಬ ಅರ್ಥದ ಮಾತು ಹೇಳಿದರು ಎನ್ನುತ್ತಾನೆ ಹೆರೊಡೊಟಸ್.

ಏಳು ವರ್ಷ ಬರ ಕಂಡು ಬಂದವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೇನಿದ್ದೀತು! ಮಾತು ನಿಜವೂ ಆಗಿತ್ತು. ಮರುಭೂಮಿಯೇ ತುಂಬಿದ ಆ ದೇಶದಲ್ಲಿ ಹಸಿರು ಬೆಟ್ಟ ಮಾತ್ರ ಸಮುದ್ರದ ಮೋಡಗಳನ್ನು ತಡೆದು ಮಳೆ ಸುರಿಸಿಕೊಳ್ಳುತ್ತದೆ. ಅಪೊಲೊ ಚಿಲುಮೆ ಎಂದು ಹೆಸರು ಪಡೆದ ಆ ನೀರಿನ ಸುತ್ತಲೇ ಊರು ಬೆಳೆಯಿತು. ವಿದ್ವಾಂಸರು ಒಪ್ಪುವ ಕಾಲ ಸುಮಾರು ಕ್ರಿ.ಪೂ. 631.

ಮೊದಲ ಎರಡು ತಲೆಮಾರು ಊರು ಚಿಕ್ಕದಾಗಿಯೇ ಇತ್ತು. ಬಂದವರಲ್ಲಿ ಹೆಚ್ಚಿನವರು ಗಂಡಸರು; ಮದುವೆಯಾದದ್ದು ಲಿಬಿಯನ್ ಹೆಣ್ಣುಗಳನ್ನು. ಅದರ ಗುರುತು ಮನೆಯೊಳಗೆ ಉಳಿಯಿತು: ಸೈರೀನಿನ ಹೆಂಗಸರು ದನದ ಮಾಂಸ ಮುಟ್ಟುತ್ತಿರಲಿಲ್ಲ, ಅದು ಈಜಿಪ್ಟಿನ ಐಸಿಸ್ ದೇವಿಗೆ ತೋರುವ ಗೌರವ. ನೆರೆಯ ಲಿಬಿಯನ್ನರದೂ ಅದೇ ನಡಾವಳಿ. ನಾಲ್ಕು ಕುದುರೆಗಳ ರಥ ಹೂಡುವುದನ್ನು ಗ್ರೀಕರು ಲಿಬಿಯನ್ನರಿಂದ ಕಲಿತರು ಎಂದೂ ಹೆರೊಡೊಟಸ್ ಹೇಳುತ್ತಾನೆ. ಮುಂದೆ ಸೈರೀನ್ ಗ್ರೀಕ್ ಜಗತ್ತಿನಲ್ಲೆಲ್ಲ ಹೆಸರಾದದ್ದು ಕುದುರೆ, ರಥಗಳಿಂದಲೇ. ಕ್ರಿ.ಪೂ. 462ರಲ್ಲಿ ಇಲ್ಲಿಯ ರಾಜ ನಾಲ್ಕನೆಯ ಆರ್ಸೆಸಿಲಾಸ್ ಡೆಲ್ಫಿಯ ರಥಸ್ಪರ್ಧೆ ಗೆದ್ದಾಗ ಮಹಾಕವಿ ಪಿಂಡಾರ್ ಅವನಿಗಾಗಿ ಎರಡು ಗೀತೆ ಕಟ್ಟಿದ.

ಆದರೆ ಮೂರನೆಯ ತಲೆಮಾರಿನಲ್ಲೇ ಕೆಡುಕು ಶುರುವಾಗಿತ್ತು. ಎರಡನೆಯ ಬ್ಯಾಟಸ್‌ನ ಕಾಲದಲ್ಲಿ ಸೈರೀನ್ ಎಲ್ಲ ಗ್ರೀಕರನ್ನೂ ಕೂಗಿ ಕರೆಯಿತು: ಬನ್ನಿ, ಭೂಮಿ ಹಂಚುತ್ತೇವೆ. ತಡವಾಗಿ ಬಂದವರು ಮುಂದೆ ಪಶ್ಚಾತ್ತಾಪ ಪಟ್ಟಾರು ಎಂದು ಡೆಲ್ಫಿಯ ದೇವರೂ ದನಿಗೂಡಿಸಿದ. ಹಂಚಿದ ಭೂಮಿ ಯಾರದ್ದು? ಚಿಲುಮೆ ತೋರಿಸಿದವರದ್ದು. ಹೊಲ ಕಳೆದುಕೊಂಡ ಲಿಬಿಯನ್ನರ ದೊರೆ ಅಡಿಕ್ರಾನ್ ಈಜಿಪ್ಟಿನ ಫೇರೋ ಅಪ್ರೀಸ್‌ನ ಮೊರೆಹೊಕ್ಕ. ಸುಮಾರು ಕ್ರಿ.ಪೂ. 570ರಲ್ಲಿ ದೊಡ್ಡ ಈಜಿಪ್ಟ್ ಸೈನ್ಯ ಬಂತು. ಗ್ರೀಕರು ಅದನ್ನು ಎದುರಿಸಿ ನುಚ್ಚುನೂರು ಮಾಡಿದ್ದು ಇರಾಸಾದಲ್ಲಿ. ಕಾಣದಿರಲೆಂದು ಲಿಬಿಯನ್ನರು ರಾತ್ರಿ ದಾಟಿಸಿದ್ದ ಅದೇ ಸೀಮೆಯಲ್ಲಿ. ಆ ಸೋಲಿನ ಸಿಟ್ಟಿಗೆ ಈಜಿಪ್ಟಿನಲ್ಲಿ ದಂಗೆಯೆದ್ದು ಅಪ್ರೀಸ್ ಸಿಂಹಾಸನ ಕಳೆದುಕೊಂಡ. ಬದಲಿಗೆ ಬಂದ ಅಮಾಸಿಸ್ ಸೈರೀನಿನೊಡನೆ ಸ್ನೇಹ ಬೆಳೆಸಿ ಇಲ್ಲಿಯ ಹೆಣ್ಣು ಲಾಡಿಸಿಯನ್ನು ಮದುವೆಯಾದ. ಲಿಬಿಯನ್ನರೂ ಸುಮ್ಮನಿರಲಿಲ್ಲ. ಮುಂದಿನ ರಾಜನ ಕಾಲದಲ್ಲಿ ಒಂದೇ ಕಾಳಗದಲ್ಲಿ ಏಳು ಸಾವಿರ ಗ್ರೀಕ್ ಕಾಲಾಳುಗಳನ್ನು ಕೊಂದರು ಎಂದು ಹೆರೊಡೊಟಸ್ ಲೆಕ್ಕ ಕೊಡುತ್ತಾನೆ.

ಅರಮನೆಯೊಳಗಿನ ಕೊಲೆ, ಸಂಚುಗಳ ವಿವರಕ್ಕೆ ನಾನು ಹೋಗುವುದಿಲ್ಲ. ಬ್ಯಾಟಸ್, ಆರ್ಸೆಸಿಲಾಸ್ ಎಂಬ ಎರಡೇ ಹೆಸರು ಸರದಿಯಂತೆ ಬರುವ ಎಂಟು ರಾಜರ ಆ ವಂಶ ಸುಮಾರು ಕ್ರಿ.ಪೂ. 440ಕ್ಕೆ ಮುಗಿಯಿತು. ಸೈರೀನನ್ನು ಜಗತ್ತು ನೆನಪಿಡಲು ಕಾರಣ ಬೇರೆ ಇದೆ. ಅದೊಂದು ಕಾಡು ಗಿಡ.

ಸಿಲ್ಫಿಯಂ ಅದರ ಹೆಸರು. ದಪ್ಪ ಬೇರು, ಗೀರುಗೀರಾದ ಗಟ್ಟಿ ಕಾಂಡ, ತುದಿಯಲ್ಲಿ ಗುಂಡಗೆ ಹೂಗೊಂಚಲು. ಬೇರನ್ನೋ ಕಾಂಡವನ್ನೋ ಕೊಯ್ದರೆ ಒಸರುವ ರಸ ಗಟ್ಟಿಯಾಗಿ ಅಂಟಾಗುತ್ತಿತ್ತು. ಆ ಅಂಟು ಅಡುಗೆಗೆ ರುಚಿ, ಹತ್ತಾರು ಕಾಯಿಲೆಗೆ ಮದ್ದು. ಗರ್ಭ ನಿಲ್ಲದಿರಲು ಹೆಂಗಸರು ಅದನ್ನು ನುಂಗುತ್ತಿದ್ದ ಕ್ರಮವನ್ನು ಕ್ರಿ.ಶ. ಎರಡನೆಯ ಶತಮಾನದ ವೈದ್ಯ ಸೊರಾನಸ್ ಬರೆದಿಟ್ಟಿದ್ದಾನೆ. ಸೈರೀನಿನ ಬೆಳ್ಳಿ ನಾಣ್ಯಗಳ ಮೇಲೆ ನೂರಾರು ವರ್ಷ ಈ ಗಿಡವೇ ಲಾಂಛನ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುಮಾರು ಕ್ರಿ.ಪೂ. 560ರ ಸ್ಪಾರ್ಟಾ ಕೆಲಸದ ಬಟ್ಟಲೊಂದಿದೆ. ಅದರ ಒಳಮೈಯಲ್ಲಿ ರಾಜ ಆರ್ಸೆಸಿಲಾಸ್ ಮಡಿಚುವ ಪೀಠದ ಮೇಲೆ ಕೂತು ದೊಡ್ಡ ತಕ್ಕಡಿಯಲ್ಲಿ ಸರಕು ತೂಗಿಸುತ್ತಿದ್ದಾನೆ. ಪೀಠದಡಿ ಸಾಕಿದ ಚಿರತೆ, ಮೇಲೆ ಕೋತಿ ಮತ್ತು ಹಕ್ಕಿಗಳು, ಕೆಳಗೆ ಉಗ್ರಾಣಕ್ಕೆ ಮೂಟೆ ಇಳಿಸುವ ಆಳುಗಳು. ಆ ಸರಕು ಸಿಲ್ಫಿಯಂ ಎಂದು ಹಲವರು, ಉಣ್ಣೆ ಎಂದು ಕೆಲವರು ಹೇಳುತ್ತಾರೆ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುವ ನಮಗೆ ಈ ಗಿಡ ಅಪರಿಚಿತವಲ್ಲ. ವರ್ಣನೆಗಳಿಂದ ಮತ್ತು ನಾಣ್ಯದ ಚಿತ್ರದಿಂದ ನೋಡಿದರೆ ಸಿಲ್ಫಿಯಂ ನಮ್ಮ ಇಂಗಿನ ಹತ್ತಿರದ ನಂಟ. ಅಲೆಕ್ಸಾಂಡರನ ಸೈನ್ಯ ಹಿಂದೂಕುಶ್ ಹತ್ತುವಾಗ ಕಂಡ ಗಿಡವನ್ನು ಗ್ರೀಕ್ ಲೇಖಕರು ಸಿಲ್ಫಿಯಂ ಎಂದೇ ಕರೆದರು; ಅದು ಇಂಗಿನ ಗಿಡವಿರಬೇಕೆಂದು ಸಸ್ಯ ಬಲ್ಲವರ ಊಹೆ. ಅಸಲಿ ಮಾಲು ಅಪರೂಪವಾದಾಗ ರೋಮಿನ ಅಡುಗೆಮನೆಗಳು ಪರ್ಷಿಯಾ ಕಡೆಯಿಂದ ಬರುತ್ತಿದ್ದ ಇಂಗಿಗೆ ತಿರುಗಿದವು. ಅಪಿಸಿಯಸ್ ಹೆಸರಿನ ರೋಮನ್ ಪಾಕಪುಸ್ತಕದಲ್ಲಿ ಒಂದು ಉಪಾಯವಿದೆ: ಸಿಲ್ಫಿಯಂ ಅಂಟಿನ ಜೊತೆ ಇಪ್ಪತ್ತರಷ್ಟು ಪೈನ್ ಬೀಜಗಳನ್ನು ಗಾಜಿನ ಭರಣಿಯಲ್ಲಿಟ್ಟು, ಅಡುಗೆಗೆ ಪರಿಮಳ ಹಿಡಿದ ಬೀಜ ಮಾತ್ರ ಅರೆದು ಹಾಕಿ, ತೆಗೆದಷ್ಟು ಬೀಜ ಮತ್ತೆ ತುಂಬುವುದು. ಗಟ್ಟಿ ಇಂಗಿನ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಟ್ಟು ಚೂರುಚೂರೇ ಬಳಸುತ್ತಿದ್ದ ಅಜ್ಜಿಯರ ಕೈಹಿಡಿತವೇ ಅದು. ರಸ ಕೊಳೆಯದಿರಲೆಂದು ಹಿಟ್ಟು ಬೆರೆಸಿ ಅಥೆನ್ಸಿನ ಬಂದರಿಗೆ ಕಳಿಸುತ್ತಿದ್ದರು ಎಂದು ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಬರೆಯುತ್ತಾನೆ. ನಾವು ಅಂಗಡಿಯಲ್ಲಿ ಕೊಳ್ಳುವ ಪುಡಿ ಇಂಗಿನಲ್ಲೂ ಬಹುಪಾಲು ಹಿಟ್ಟು ಮತ್ತು ಗೋಂದೇ ತಾನೆ.

ಅದೇ ಥಿಯೊಫ್ರಾಸ್ಟಸ್ ಇನ್ನೊಂದು ಸಂಗತಿ ಗುರುತಿಸಿದ್ದ. ಸಿಲ್ಫಿಯಂ ಉತ್ತ ನೆಲದಲ್ಲಿ ಬೆಳೆಯದು. ನೇಗಿಲು ಮುಂದೆ ಬಂದಷ್ಟೂ ಅದು ಹಿಂದೆ ಸರಿಯುತ್ತದೆ. ನಗರದ ಬೊಕ್ಕಸ ತುಂಬುತ್ತಿದ್ದ ಬೆಳೆಯನ್ನು ನಗರದವರು ಬೆಳೆಯಲಾರದೆ ಹೋದರು. ಅದು ಹುಟ್ಟುತ್ತಿದ್ದದ್ದು ಬೆಟ್ಟ ಮತ್ತು ಮರುಭೂಮಿಯ ನಡುವಿನ ಪಟ್ಟಿಯಲ್ಲಿ, ಕುರಿ ಮೇಯಿಸುವ ಲಿಬಿಯನ್ನರ ಸೀಮೆಯಲ್ಲಿ. ಬೇರನ್ನು ಎಷ್ಟು ಕೊಯ್ಯಬೇಕು ಎಂಬುದಕ್ಕೆ ಒಂದು ಕಾಲದಲ್ಲಿ ಕಟ್ಟುನಿಟ್ಟಾದ ಅಳತೆ ಇತ್ತು, ಮೀರಿ ಕೊಯ್ಯುವಂತಿರಲಿಲ್ಲ.

ಆ ಕಟ್ಟುಪಾಡು ಉಳಿಯಲಿಲ್ಲ. ರೋಮಿನ ಜೂಲಿಯಸ್ ಸೀಸರ್ ಅಂತರ್ಯುದ್ಧದ ಆರಂಭದಲ್ಲಿ ಸರ್ಕಾರಿ ಖಜಾನೆ ತೆರೆದಾಗ ಚಿನ್ನ ಬೆಳ್ಳಿಯ ಜೊತೆ 1500 ಪೌಂಡ್ ಸಿಲ್ಫಿಯಂ ಅಂಟು ಹೊರತಂದ ಎಂದು ರೋಮನ್ ಲೇಖಕ ಪ್ಲಿನಿ ದಾಖಲಿಸುತ್ತಾನೆ. ಆಮೇಲೆ ಸುಮಾರು ಒಂದು ಶತಮಾನದಲ್ಲಿ ಎಲ್ಲ ಮುಗಿದಿತ್ತು. ಪ್ಲಿನಿಯ ಕಾಲದವರ ನೆನಪಿನಲ್ಲಿ ಸಿಕ್ಕಿದ್ದು ಒಂದೇ ಒಂದು ಕಾಂಡ. ಅದನ್ನು ನೀರೊ ಚಕ್ರವರ್ತಿಗೆ ಅದ್ಭುತವೆಂಬಂತೆ ಕಳಿಸಿಕೊಟ್ಟರು. ಏಕೆ ಅಳಿಯಿತು? ಹುಲ್ಲುಗಾವಲು ಗುತ್ತಿಗೆ ಹಿಡಿದವರು ಹೆಚ್ಚು ಲಾಭದ ಆಸೆಗೆ ಕುರಿ ಮೇಯಲು ಬಿಟ್ಟರು ಎಂದು ಪ್ಲಿನಿ. ಅಲೆಮಾರಿಗಳು ಹಗೆ ತೀರಿಸಿಕೊಳ್ಳಲು ಬೇರು ಕಿತ್ತು ಹಾಳುಮಾಡಿದರು ಎಂದು ಭೂಗೋಳಕಾರ ಸ್ಟ್ರೇಬೊ. ಎರಡೂ ಹೇಳಿಕೆಗಳ ಹಿಂದೆ ನನಗೆ ಕಾಣುವುದು ಒಂದೇ ಗಾಯ: ಗಿಡವಿದ್ದ ನೆಲದ ಮೇಲೆ ಹಕ್ಕು ಯಾರದೆಂಬುದು ಆರು ಶತಮಾನವಾದರೂ ಇತ್ಯರ್ಥವಾಗಿರಲಿಲ್ಲ. ಬೇಸಾಯಕ್ಕಾಗಿ ಕಾಡು ಕಡಿದದ್ದರಿಂದ ಮಳೆ, ತೇವಗಳ ಲಯ ತಪ್ಪಿ ಗಿಡ ನಶಿಸಿರಬಹುದು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸುತ್ತದೆ. 2021ರಲ್ಲಿ ಟರ್ಕಿಯ ಔಷಧ ವಿಜ್ಞಾನಿ ಮಹ್ಮುತ್ ಮಿಸ್ಕಿ, ಅನಟೋಲಿಯಾದ ಬೆಟ್ಟದ ತಪ್ಪಲಿನಲ್ಲಿ ಬೆಳೆಯುವ ಇಂಗಿನ ಜಾತಿಯದೇ ಒಂದು ಅಪರೂಪದ ಗಿಡ ಹಳೆಯ ಸಿಲ್ಫಿಯಂ ಆಗಿರಬಹುದೆಂದು ಪ್ರಬಂಧ ಬರೆದರು. ಲಿಬಿಯಾದ ಗಿಡ ಅಲ್ಲಿಗೆ ಹೇಗೆ ಹೋಯಿತು ಎಂಬ ಪ್ರಶ್ನೆ ಹಾಗೆಯೇ ಇದೆ.

ಗಿಡದಷ್ಟೇ ದೊಡ್ಡದು ಧಾನ್ಯದ ಕಥೆ. ಕರಾವಳಿ, ನಡುವಿನ ಗುಡ್ಡ, ಮೇಲಿನ ಪ್ರಸ್ಥಭೂಮಿ ಹೀಗೆ ಮೂರು ಮೆಟ್ಟಿಲುಗಳಲ್ಲಿ ಒಂದಾದ ಮೇಲೊಂದು ಪೈರು ಕಟಾವಿಗೆ ಬಂದು, ವರ್ಷದಲ್ಲಿ ಎಂಟು ತಿಂಗಳು ಸುಗ್ಗಿಯೇ ನಡೆಯುತ್ತಿತ್ತಂತೆ. ಸುಮಾರು ಕ್ರಿ.ಪೂ. 330ರಿಂದ 326ರವರೆಗೆ ಗ್ರೀಸ್ ದೇಶಕ್ಕೆ ಘೋರ ಕ್ಷಾಮ ಬಡಿದಾಗ ಸೈರೀನ್ ಹಡಗು ಹಡಗು ಧಾನ್ಯ ಕಳಿಸಿತು. ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿತು. ಒಟ್ಟು 8,05,000 ಮೆಡಿಮ್ನಸ್. ಒಂದು ಮೆಡಿಮ್ನಸ್ ಎಂದರೆ ಅಥೆನ್ಸಿನ ಅಳತೆಯಲ್ಲಿ ಐವತ್ತು ಲೀಟರಿಗೂ ಮಿಕ್ಕಿದ ಕೊಳಗ. ಅಥೆನ್ಸಿಗೆ ಒಂದು ಲಕ್ಷ. ಅಲೆಕ್ಸಾಂಡರನ ತಾಯಿ ಒಲಿಂಪಿಯಾಸ್, ತಂಗಿ ಕ್ಲಿಯೋಪಾತ್ರರ ಹೆಸರುಗಳೂ ಪಟ್ಟಿಯಲ್ಲಿವೆ. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ: ಥೀರಾದವರಿಗೆ 15,000. ಮುನ್ನೂರು ವರ್ಷ ಹಿಂದೆ ಮಕ್ಕಳನ್ನು ಕಲ್ಲೆಸೆದು ಅಟ್ಟಿದ ದ್ವೀಪಕ್ಕೆ ಆ ಮಕ್ಕಳ ವಂಶದವರು ಕಳಿಸಿದ ಕಾಳು ಅದು.

ಹೊಟ್ಟೆ ತುಂಬಿದ ಊರು ಓದುಬರಹಕ್ಕೂ ಎಡೆಮಾಡಿಕೊಟ್ಟಿತು. ಸಾಕ್ರಟೀಸನ ಶಿಷ್ಯ ಅರಿಸ್ಟಿಪಸ್ ಇಲ್ಲಿಯವನು, ಸುಖವೇ ಬದುಕಿನ ಗುರಿ ಎಂಬ ದರ್ಶನಕ್ಕೆ ಈ ಊರಿನ ಹೆಸರೇ ನಿಂತಿತು. ಅದನ್ನು ಮುಂದಿನ ತಲೆಮಾರಿಗೆ ದಾಟಿಸಿದವಳು ಅವನ ಮಗಳು ಅರೀಟಿ; ಅವಳಿಂದ ಕಲಿತ ಮಗನನ್ನು ಗ್ರೀಕರು ತಾಯಿಯ ಶಿಷ್ಯ ಎಂದೇ ಗುರುತಿಸಿದರು. ಗ್ರೀಕ್ ತತ್ತ್ವಶಾಸ್ತ್ರದ ಚರಿತ್ರೆಯಲ್ಲಿ ಹೆಣ್ಣೊಬ್ಬಳು ಗುರುಪರಂಪರೆಯ ಕೊಂಡಿಯಾದ ಇಂಥ ನಿದರ್ಶನಗಳು ತೀರಾ ಕಡಿಮೆ. ಕವಿ ಕ್ಯಾಲಿಮಾಕಸ್, ಗಣಿತಜ್ಞ ಥಿಯೊಡೋರಸ್ ಕೂಡ ಇಲ್ಲಿಯವರೇ. ಎಲ್ಲರಿಗಿಂತ ಹೆಸರಾದವನು ಎರಟೊಸ್ತನೀಸ್. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಅವನು, ಉತ್ತರಾಯಣದ ಕೊನೆಯ ದಿನ ನಡುಹಗಲಿಗೆ ದಕ್ಷಿಣ ಈಜಿಪ್ಟಿನ ಸಯೀನಿಯಲ್ಲಿ ನೆರಳೇ ಬೀಳದಿದ್ದರೆ ಅಲೆಕ್ಸಾಂಡ್ರಿಯಾದಲ್ಲಿ ಬೀಳುವ ನೆರಳಿನ ಕೋನ ವೃತ್ತದ ಐವತ್ತರಲ್ಲಿ ಒಂದು ಭಾಗ ಎಂದು ಅಳೆದ. ಎರಡೂ ಊರುಗಳ ನಡುವೆ ಗ್ರೀಕ್ ಅಳತೆಯಲ್ಲಿ 5000 ಸ್ಟೇಡಿಯಾ ದೂರವೆಂದು ಹಿಡಿದು, ಐವತ್ತರಿಂದ ಗುಣಿಸಿ, ಕುಳಿತಲ್ಲೇ ಭೂಮಿಯ ಸುತ್ತಳತೆ ಹೇಳಿದ.

ಅಲೆಕ್ಸಾಂಡರನ ನಂತರ ಊರು ಈಜಿಪ್ಟಿನ ಟಾಲೆಮಿ ಅರಸರ ಕೈಸೇರಿತು. ಕೊನೆಯ ಅರಸ ಟಾಲೆಮಿ ಏಪಿಯನ್ ಮಕ್ಕಳಿಲ್ಲದೆ ಕ್ರಿ.ಪೂ. 96ರಲ್ಲಿ ಸತ್ತಾಗ ರಾಜ್ಯವನ್ನು ರೋಮಿಗೆ ಉಯಿಲು ಬರೆದಿದ್ದ. ಊರಿಗೆ ದೊಡ್ಡ ಪೆಟ್ಟು ಬಿದ್ದದ್ದು ಕ್ರಿ.ಶ. 115ರಿಂದ 117ರ ಯಹೂದಿ ದಂಗೆಯಲ್ಲಿ. ಅಥೆನ್ಸಿನ ಪಾರ್ಥೆನಾನ್‌ಗಿಂತ ತುಸು ದೊಡ್ಡದಾದ ಇಲ್ಲಿಯ ಜ್ಯೂಸ್ ದೇವಾಲಯವೂ ಹಾಳಾಯಿತು. ದಂಗೆಯಲ್ಲಿ ಕೆಟ್ಟ ರಸ್ತೆಯನ್ನು ದುರಸ್ತಿ ಮಾಡಿಸಿದ ಹೇಡ್ರಿಯನ್ ಚಕ್ರವರ್ತಿಯ ಮೈಲಿಗಲ್ಲು ಸಿಕ್ಕಿದೆ. ಅವನು ಕಟ್ಟಿಸಿದ್ದನ್ನೂ 365ರ ಭೂಕಂಪ ಕೆಡವಿತು. ಅಲೆಕ್ಸಾಂಡ್ರಿಯಾದ ವಿದುಷಿ ಹೈಪೇಶಿಯಾಳ ಶಿಷ್ಯ, ಮುಂದೆ ಬಿಷಪ್ ಆದ ಸಿನೇಸಿಯಸ್ ಐದನೆಯ ಶತಮಾನದ ಆರಂಭದಲ್ಲಿ ತನ್ನೂರಿನ ಪಾಳುಗೋಡೆಗಳ ಬಗ್ಗೆ ಸಂಕಟಪಟ್ಟು ಬರೆದ.

ಊರನ್ನು ಮತ್ತೆ ಅಗೆದು ತೆಗೆದವರೂ ಸಮುದ್ರ ದಾಟಿಯೇ ಬಂದರು. 1860ರಲ್ಲಿ ಬ್ರಿಟನ್ನಿನ ಸ್ಮಿತ್ ಮತ್ತು ಪೋರ್ಚರ್ ಎಂಬ ಇಬ್ಬರು ಸೇನಾಧಿಕಾರಿಗಳು ಬಂಡೆ ಕೊರೆದ ಗೋರಿಯೊಂದನ್ನೇ ಮನೆ ಮಾಡಿಕೊಂಡು ಅಗೆದರು. 121 ಚೂರುಗಳಾಗಿ ಸಿಕ್ಕ ಅಪೊಲೊ ವಿಗ್ರಹ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿತು. ಒಂದು ಕಾಲದಲ್ಲಿ ಇದು ರೋಮಿನದೇ ಭೂಮಿ ಎಂಬ ವಾದಕ್ಕೆ ಹಳೆಯ ಕಲ್ಲುಗಳನ್ನೇ ಸಾಕ್ಷಿ ಮಾಡಿತು. ಇಟಲಿಯ ಪುರಾತತ್ತ್ವಜ್ಞರು ಸೈರೀನಿನಲ್ಲಿ ಮಾಡಿದ ಕೆಲಸ ದೊಡ್ಡದು, ಅಲ್ಲಗಳೆಯಲಾಗದು. ಆದರೆ ಅದೇ ಹಸಿರು ಬೆಟ್ಟದಲ್ಲಿ ಲಿಬಿಯಾದ ನಾಯಕ ಒಮರ್ ಮುಖ್ತಾರ್ ಇಪ್ಪತ್ತು ವರ್ಷ ಇಟಲಿಯ ವಿರುದ್ಧ ಹೋರಾಡಿದರು. 1931ರಲ್ಲಿ ಎಪ್ಪತ್ತು ದಾಟಿದ ಆ ಮುದುಕರನ್ನು ಇಟಲಿ ಗಲ್ಲಿಗೇರಿಸಿತು. 1913ರ ಬಿರುಮಳೆ ಮಣ್ಣು ಕೊಚ್ಚಿದಾಗ ಮೇಲೆ ಬಂದ, ತಲೆಯಿಲ್ಲದಿದ್ದರೂ ಅಪೂರ್ವ ಚೆಲುವಿನ ವೀನಸ್ ಮೂರ್ತಿಯನ್ನು ಇಟಲಿಯವರು ರೋಮಿಗೆ ಒಯ್ದಿದ್ದರು. ದೀರ್ಘ ಕಾನೂನು ಹೋರಾಟದ ಬಳಿಕ 2008ರಲ್ಲಿ ಅದು ಲಿಬಿಯಾಕ್ಕೆ ಮರಳಿತು.

ಯುನೆಸ್ಕೊ 1982ರಲ್ಲಿ ಸೈರೀನನ್ನು ವಿಶ್ವ ಪರಂಪರೆಯ ಪಟ್ಟಿಗೆ, 2016ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2023ರ ಸೆಪ್ಟೆಂಬರಿನ ಡೇನಿಯಲ್ ಚಂಡಮಾರುತ ಸಮೀಪದ ಡರ್ನಾ ನಗರದಲ್ಲಿ ಎರಡು ಅಣೆಕಟ್ಟು ಒಡೆದು ಸಾವಿರಾರು ಜನರನ್ನು ಕೊಂದ ರಾತ್ರಿಯೇ ಸೈರೀನಿನ ಹಳೆಯ ಬೀದಿಗಳಲ್ಲೂ ನೆರೆ ನುಗ್ಗಿ ಗೋಡೆಗಳನ್ನು ಕೆಡವಿತು.

ನೆರೆಗಿಂತ ನಿಧಾನವಾಗಿ, ಹೆಚ್ಚು ಆಳವಾಗಿ ಊರನ್ನು ತಿನ್ನುತ್ತಿರುವುದು ಜಮೀನಿನ ತಕರಾರು. ಊರಿನ ಸುತ್ತ ಬಂಡೆಗಳಲ್ಲಿ ಕೊರೆದ ಗೋರಿಗಳ ದೊಡ್ಡ ಸ್ಮಶಾನವಿದೆ. ಮುಖದ ಜಾಗ ನುಣ್ಣಗೆ ಖಾಲಿ ಬಿಟ್ಟ ಹೆಣ್ಣುಮೂರ್ತಿಗಳು ಈ ಗೋರಿಗಳ ಮೇಲಲ್ಲದೆ ಬೇರೆಡೆ ಕಾಣುವುದು ಅಪರೂಪ. 2011ರಲ್ಲಿ ಗದ್ದಾಫಿ ಆಡಳಿತ ಕುಸಿದ ಮೇಲೆ ಪಕ್ಕದ ಶಹತ್ ಊರಿನ ಕೆಲವರು ಇದು ನಮ್ಮ ತಾತಂದಿರ ಜಮೀನು ಎಂದು ಹಕ್ಕು ಸಾರಿದರು. 2013ರಲ್ಲಿ ಸ್ಮಶಾನದ ಒಂದು ಭಾಗಕ್ಕೆ ಬುಲ್ಡೋಜರ್ ಹಾಯಿಸಿ ಮನೆ ಕಟ್ಟಲು ಸಮ ಮಾಡಿದರು. ಗೋರಿಗಳ ನಾಶ ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಆ ಜನರನ್ನು ಬರಿಯ ಧ್ವಂಸಕರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪರಂಪರೆಯ ಬೇಲಿ ಬಿದ್ದ ನೆಲದಲ್ಲಿ ಅವರಿಗೂ ಮನೆ, ಮೇವು, ಮಕ್ಕಳ ಪಾಲು ಬೇಕು. ಸರ್ವೆ ಮಾಡಿ ಗಡಿ ಕಲ್ಲು ನೆಟ್ಟು, ಹಕ್ಕಿದ್ದವರಿಗೆ ಪರಿಹಾರ ಕೊಟ್ಟರೆ ತೀರಬಹುದಾದ ವ್ಯಾಜ್ಯ ಇದು. ಆ ಕೆಲಸ ಮಾಡಬಲ್ಲ ಒಂದೇ ಒಂದು ಸರ್ಕಾರ 2014ರಿಂದೀಚೆಗೆ ಲಿಬಿಯಾದಲ್ಲಿ ನೆಲೆನಿಂತಿಲ್ಲ: ತ್ರಿಪೋಲಿಯದು ಒಂದು ಆಡಳಿತ, ಸೈರೀನ್ ಇರುವ ಪೂರ್ವದ್ದು ಇನ್ನೊಂದು.